ಗಾರ್ಮೆಂಟ್ಸ್ ಹೆಂಗಸರಿಗೆ ತೂಕ ಇಳಿಸುವ ಕಾರ್ಯಕ್ರಮ: ಆ್ಯಪ್ ಬೇಡವಾದರೆ ಮತ್ತೇನು ಬೇಕು?

ಸುಂಕದಕಟ್ಟೆ ಕಾರ್ಯಕರ್ತೆ

ನಮ್ಮದು ಸಣ್ಣ ಸಂಸ್ಥೆ. ಲಗ್ಗೆರೆ, ರಾಜಗೋಪಾಲನಗರ, ಸುಂಕದಕಟ್ಟೆ ಕಡೆ ಬಾಡಿಗೆ ಮನೆಗಳಲ್ಲಿರುವ ಗಾರ್ಮೆಂಟ್ಸ್ ಹೆಂಗಸರ ನಡುವೆ ಕೆಲಸ ಮಾಡುತ್ತೇವೆ. ಇಷ್ಟು ವರ್ಷ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಹಂಚಿಕೊಂಡು ಬಂದವರು ನಾವು. ಈಗ ನೋಡಿದರೆ ಮೂವತ್ತೈದು ದಾಟಿದ ಎಷ್ಟೋ ಮಂದಿಗೆ ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆ. ತೂಕ ಏರಿದೆ, ರಕ್ತ ಮಾತ್ರ ಏರಿಲ್ಲ.

ಆರು ತಿಂಗಳ ಕಾರ್ಯಕ್ರಮಕ್ಕೆ ಹಣ ಕೊಡಲು ಒಬ್ಬ ದಾನಿ ಒಪ್ಪಿದ್ದಾರೆ. ಮೊಬೈಲ್ ಆ್ಯಪ್, ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಭಾನುವಾರ ಬೆಳಿಗ್ಗೆ ಯೋಗ, ಕೊನೆಯಲ್ಲಿ ಹೆಚ್ಚು ತೂಕ ಇಳಿಸಿದವರಿಗೆ ಮಿಕ್ಸಿ ಬಹುಮಾನ, ಇದು ಅವರ ಯೋಜನೆ. ನನಗೆ ಇದು ಮನಸ್ಸಿಗೆ ಒಪ್ಪುತ್ತಿಲ್ಲ. ಆದರೆ ಬೇಡ ಎಂದ ಮೇಲೆ ಬದಲಿಗೆ ಏನು ಎಂದು ಬರೆದುಕೊಡಬೇಕಲ್ಲ. ಈ ಕೆಲಸ ಬಲ್ಲವರು, ಆ ಬದುಕು ಬಲ್ಲವರು ದಯವಿಟ್ಟು ಹೇಳಿ.

ಮಂಡ್ಯದ ಮೇಷ್ಟ್ರು

ಬೇಸರ ಮಾಡಿಕೊಳ್ಳಬೇಡಿ ಮೇಡಂ. ತಿಂಗಳ ಕೊನೆಯಲ್ಲಿ ಅಂಗಡಿಯಲ್ಲಿ ಸಾಲ ಬರೆಸುವವರಿಗೆ ಬೊಜ್ಜು ಕರಗಿಸುವ ಕಾರ್ಯಕ್ರಮವೇ? ಇದು ಉಳ್ಳವರ ಕಾಯಿಲೆ. ಆ ಹಣದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಿಸಿ, ಪುಣ್ಯ ಬರುತ್ತದೆ.

ಸಮುದಾಯ ವೈದ್ಯೆ

ಮೇಷ್ಟ್ರೇ, ಉಳ್ಳವರ ಕಾಯಿಲೆ ಎಂಬ ಮಾತಿನ ಕಾಲ ಕಳೆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ ಐದನೇ ಸುತ್ತಿಗೆ (2019–21) ಬರುವಷ್ಟರಲ್ಲಿ ಕರ್ನಾಟಕದಲ್ಲಿ ಹೆಚ್ಚು ತೂಕದ ಹೆಂಗಸರ ಪ್ರಮಾಣ ಸುಮಾರು ಶೇ 23ರಿಂದ ಶೇ 30ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಹೊಟ್ಟೆ ತುಂಬಿಸುವ ಕ್ಯಾಲರಿ ಅಗ್ಗವಾಗಿದೆ, ಮೈಗೆ ಬೇಕಾದ ಪ್ರೊಟೀನು, ಕಬ್ಬಿಣ, ಸೊಪ್ಪು, ಹಣ್ಣು ತುಟ್ಟಿಯಾಗಿವೆ. ಹಾಗಾಗಿ ಒಂದೇ ದೇಹದಲ್ಲಿ ಎರಡೂ ಕಾಣಿಸುತ್ತವೆ. ಒಂದೇ ಮನೆಯಲ್ಲಿ ತಾಯಿ ದಪ್ಪ, ಮಗು ಕಡ್ಡಿ ಎಂಬುದನ್ನು ನಾನು ಹೊರರೋಗಿ ವಿಭಾಗದಲ್ಲಿ ವಾರ ವಾರವೂ ನೋಡುತ್ತೇನೆ.

ಲೆಕ್ಕ ಹಾಕಿ ನೋಡಿ. ಪಡಿತರದಲ್ಲಿ ತಿಂಗಳಿಗೆ ತಲೆಗೆ 10 ಕೆ.ಜಿ. ಅಕ್ಕಿ ಎಂದರೆ ದಿನಕ್ಕೆ 330 ಗ್ರಾಂ. ಅದಷ್ಟರಿಂದಲೇ 1,100ಕ್ಕೂ ಹೆಚ್ಚು ಕ್ಯಾಲರಿ ಸಿಗುತ್ತದೆ. ಅನ್ನಭಾಗ್ಯ ಬೇಡ ಎನ್ನುತ್ತಿಲ್ಲ, ಹಸಿವು ಕಂಡವರು ಯಾರೂ ಹಾಗೆ ಹೇಳುವುದಿಲ್ಲ. ಅಕ್ಕಿಯ ಜೊತೆಗೆ ತಟ್ಟೆಗೆ ಇನ್ನೇನು ಬೀಳುತ್ತದೆ ಎಂಬುದೇ ಪ್ರಶ್ನೆ. ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವಿರುವ ಆಹಾರ ಕಿಟ್ ಕೊಡುವ ತೀರ್ಮಾನವನ್ನು ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೆಗೆದುಕೊಂಡದ್ದು ಸರಿಯಾದ ದಿಕ್ಕು. ಅದರಲ್ಲಿ ಸಕ್ಕರೆಯನ್ನೂ ಏಕೆ ಸೇರಿಸಿದರೋ ಅವರನ್ನೇ ಕೇಳಬೇಕು.

ಹಳೆ ಟೈಲರ್

ನಾನು ಲೈನ್‌ನಲ್ಲಿ ಮೆಷಿನ್ ತುಳಿದವಳು, ಆಮೇಲೆ ಚೆಕಿಂಗ್‌ಗೆ ಹೋದೆ. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಾರ್ಯಕರ್ತೆ ಅಕ್ಕನವರಿಗೆ ಒಂದು ದಿನದ ಕಥೆ ಹೇಳುತ್ತೇನೆ, ಆಮೇಲೆ ನಿಮ್ಮ ದಾನಿಗೆ ಓದಿ ಹೇಳಿ.

ನಾಲ್ಕೂವರೆಗೆ ಏಳಬೇಕು. ನೀರು ಬಿಡುವ ದಿನವಾದರೆ ಇನ್ನೂ ಮುಂಚೆ. ಒಂದೇ ಸಲಕ್ಕೆ ಬೆಳಗಿನ ತಿಂಡಿ, ಮಕ್ಕಳ ಡಬ್ಬಿ, ಗಂಡನ ಡಬ್ಬಿ, ನನ್ನ ಡಬ್ಬಿ. ನಾಲ್ಕಕ್ಕೂ ಆಗುವ ಅಡುಗೆ ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತ್. ಎಣ್ಣೆ ಜಾಸ್ತಿ ಹಾಕಿದರೆ ಮಧ್ಯಾಹ್ನದವರೆಗೆ ಹಳಸುವುದಿಲ್ಲ, ಉದುರುದುರಾಗಿ ಇರುತ್ತದೆ. ಸಾರು ಹಾಕಿಕೊಂಡು ಹೋಗೋಣ ಎಂದರೆ ಗಾಡಿಯಲ್ಲಿ ನಿಂತು ಹೋಗುವಾಗ ಚೆಲ್ಲುತ್ತದೆ. ಡಬ್ಬಿಯನ್ನು ತೆರೆದು ನೋಡಿದ್ದೀರಾ? ಚಮಚದ ಹಿಂಬದಿಯಿಂದ ಒತ್ತಿ ಒತ್ತಿ ತುಂಬಿರುತ್ತೇವೆ, ಮುಚ್ಚಳದ ಒಳಮೈಗೆ ಅನ್ನದ ಅಚ್ಚು ಬಿದ್ದಿರುತ್ತದೆ. ಮೂಲೆಯಲ್ಲಿ ಒಂದಿಷ್ಟು ಉಪ್ಪಿನಕಾಯಿ. ಪಲ್ಯ ಎಂಬುದು ಹಬ್ಬಕ್ಕೆ.

ಬೆಳಿಗ್ಗೆ ತಿಂದು ಹೋಗುವವರು ಕಡಿಮೆ. ಟೀ ಕುಡಿದು ಓಡುತ್ತೇವೆ. ಊಟಕ್ಕೆ ಅರ್ಧ ಗಂಟೆ, ಅದರಲ್ಲಿ ಕೈ ತೊಳೆಯುವ ಸಾಲು, ಶೌಚಾಲಯದ ಸಾಲು. ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕ ಇರುವಾಗ ಮಧ್ಯೆ ಎದ್ದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಮಾತನಾಡುತ್ತಾನೆ. ಅದಕ್ಕೇ ನೀರು ಕುಡಿಯುವುದನ್ನೇ ಬಿಡುತ್ತೇವೆ. ಸಂಜೆ ಹೊರಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಗೇಟಿನ ಎದುರಿಗೇ ಬೋಂಡದ ಗಾಡಿ. ಮನೆಗೆ ಬಂದು ಮತ್ತೆ ಅಡುಗೆ. ಎಲ್ಲರಿಗೂ ಬಡಿಸಿ ನಾವು ಕೂರುವಾಗ ಹತ್ತು ಗಂಟೆ. ಮಿಕ್ಕ ಅನ್ನ ಚೆಲ್ಲಲು ಮನಸ್ಸು ಬರುವುದಿಲ್ಲ, ಅದೂ ನಮ್ಮ ತಟ್ಟೆಗೇ. ತಿಂದ ತಕ್ಷಣ ಚಾಪೆ.

ಇದರಲ್ಲಿ ಹತ್ತು ಸಾವಿರ ಹೆಜ್ಜೆಯನ್ನು ಎಲ್ಲಿ ಇಡುವುದು ಎಂದು ದಾನಿಯೇ ತೋರಿಸಲಿ. ಭಾನುವಾರ ಬೆಳಿಗ್ಗೆ ಯೋಗ ಎಂದಿರಾ? ಭಾನುವಾರ ವಾರದ ಬಟ್ಟೆ ಒಗೆಯುವ ದಿನ ತಾಯಿ.

ಕಲಬುರಗಿ ಹುಡುಗ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮ ಕಡೆಯಿಂದ ಬಂದವರ ಇನ್ನೊಂದು ಕಷ್ಟ ಸೇರಿಸುತ್ತೇನೆ. ಊರಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳು ಪಲ್ಯ ತಿಂದು ಬೆಳೆದವರು ಬೆಂಗಳೂರಿಗೆ ಬಂದ ಮೇಲೆ ಮೂರು ಹೊತ್ತೂ ಅನ್ನ. ರೊಟ್ಟಿ ಬಡಿಯಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಪಡಿತರ ಚೀಟಿ ಊರಿನಲ್ಲಿ ಅತ್ತೆಯ ಹೆಸರಿನಲ್ಲಿದೆ. ಅಲ್ಲಿ ಜೋಳ ಬಂದರೂ ಇಲ್ಲಿಗೆ ಮುಟ್ಟುವುದಿಲ್ಲ.

ರಾಗಿ ಅಭಿಮಾನಿ

ಇದಕ್ಕೆಲ್ಲ ಒಂದೇ ಮದ್ದು: ಮುದ್ದೆ. ನಮ್ಮ ತಾತ ತೊಂಬತ್ತರವರೆಗೆ ಮುದ್ದೆ ತಿಂದುಕೊಂಡೇ ಹೊಲ ಉತ್ತರು. ಅನ್ನ ಬಿಡಿಸಿ ಮುದ್ದೆ ತಿನ್ನಿಸಿ, ಕಾರ್ಯಕ್ರಮವೇ ಬೇಡ.

ಸಮುದಾಯ ವೈದ್ಯೆ

ತಾತ ಹೊಲ ಉತ್ತರು ಎಂಬುದನ್ನು ಮರೆಯಬೇಡಿ. ರಾಗಿ ಒಳ್ಳೆಯ ಧಾನ್ಯವೇ, ಸುಣ್ಣದ ಅಂಶ, ನಾರು ಎರಡೂ ಚೆನ್ನಾಗಿವೆ. ಆದರೆ 100 ಗ್ರಾಂ ರಾಗಿಗೂ 100 ಗ್ರಾಂ ಅಕ್ಕಿಗೂ ಕ್ಯಾಲರಿಯಲ್ಲಿ ಅಂಥ ದೊಡ್ಡ ಅಂತರವಿಲ್ಲ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆಗೆ ತೆಳ್ಳನೆಯ ಸಾರು ಹಾಕಿ ನುಂಗಿದರೆ ತೂಕ ಇಳಿಯುವುದಿಲ್ಲ. ಅದೇ ಮುದ್ದೆ ಅರ್ಧಕ್ಕಿಳಿದು, ಪಕ್ಕದಲ್ಲಿ ಸೊಪ್ಪು ಕಾಳಿನ ಬಸ್ಸಾರು ಗಟ್ಟಿಯಾಗಿ ಬಿದ್ದರೆ ಆಗ ಬೇರೆ ಮಾತು.

ಆಶಾ ಅಕ್ಕ

ನಮಸ್ಕಾರ. ನಾನು ಆಶಾ ಕಾರ್ಯಕರ್ತೆ. ಮೂವತ್ತು ವರ್ಷ ದಾಟಿದವರಿಗೆ ಸಕ್ಕರೆ, ಬಿ.ಪಿ.ಯಂಥ ಕಾಯಿಲೆಯ ಅಪಾಯ ಎಷ್ಟಿದೆ ಎಂದು ಅಂಕ ಹಾಕುವ ಫಾರಂ ತುಂಬಿಸುವ ಕೆಲಸ ನಮ್ಮದೇ. ಅದರಲ್ಲಿ ಸೊಂಟದ ಅಳತೆ ಇರುತ್ತದೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಅಂಕ ಹೆಚ್ಚು. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು.

ಬಾಗಿಲಲ್ಲಿ ನಿಂತು ಅಳತೆ ಮಾಡಿದರೆ ಯಾರೂ ಒಪ್ಪುವುದಿಲ್ಲ, ಎದುರು ಮನೆಯವರು ನೋಡುತ್ತಿರುತ್ತಾರೆ. ಒಳಗೆ ಕರೆದುಕೊಂಡು ಹೋಗಿ ಟೇಪನ್ನು ಅವರ ಕೈಗೇ ಕೊಟ್ಟರೆ ಅವರೇ ಸುತ್ತಿಕೊಳ್ಳುತ್ತಾರೆ, ನಾನು ಅಂಕಿ ಓದುತ್ತೇನೆ ಅಷ್ಟೇ. ತೂಕದ ಮೆಷಿನ್ ಬಗ್ಗೆಯೂ ಹಾಗೆಯೇ. ಹತ್ತು ಜನರ ಮುಂದೆ ನಿಲ್ಲಿಸಿ ‘ಎಂಬತ್ತೆರಡು’ ಎಂದು ಕೂಗಿದಿರೋ, ಮುಂದಿನ ವಾರ ಆಕೆ ಬರುವುದಿಲ್ಲ. ನಮ್ಮ ಜನರಲ್ಲಿ ಬಾಣಂತನ ಆದ ಮೇಲೆ ಮೈ ತುಂಬಿಕೊಂಡರೆ ಗಂಡನ ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಲೆಕ್ಕ. ಅಂಥವರಿಗೆ ‘ನೀವು ದಪ್ಪ’ ಎಂದರೆ ಅತ್ತೆಗೂ ಸಿಟ್ಟು, ಸೊಸೆಗೂ ಸಿಟ್ಟು. ಮಂಡಿನೋವಿನಿಂದ ಮಾತು ಶುರು ಮಾಡಿ. ಮಂಡಿನೋವು ಎಂದರೆ ಎಲ್ಲರೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಲೋಡಿಂಗ್ ಶಿವು

ಗಂಡಸರ ಬಗ್ಗೆ ಯಾರೂ ಮಾತನಾಡುತ್ತಿಲ್ಲವಲ್ಲ. ನನ್ನ ಜೊತೆ ಲಗೇಜ್ ಆಟೊ ಓಡಿಸುವವರಲ್ಲಿ ಹೊಟ್ಟೆ ಇಲ್ಲದವನು ಒಬ್ಬನೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಟೀ, ರಾತ್ರಿ ಕ್ವಾರ್ಟರ್, ಜೊತೆಗೆ ಕಬಾಬ್. ಹೆಂಡತಿಯರಿಗೆ ಮಾತ್ರ ಪಾಠ ಹೇಳಿದರೆ ಏನು ಪ್ರಯೋಜನ? ಸಾರಿಗೆ ಎಣ್ಣೆ ಕಡಿಮೆ ಹಾಕಿದರೆ ತಟ್ಟೆ ಎಸೆಯುವವರು ನಾವೇ.

ಸುಂಕದಕಟ್ಟೆ ಕಾರ್ಯಕರ್ತೆ

ಶಿವು ಅವರೇ, ಇಷ್ಟು ನೇರವಾಗಿ ಹೇಳಿದ್ದಕ್ಕೆ ವಂದನೆ. ಇದನ್ನು ದಾನಿಗೆ ಓದಿ ಹೇಳುತ್ತೇನೆ.

ವೈದ್ಯೆಯವರಿಗೆ ಒಂದು ಪ್ರಶ್ನೆ. ಗುಂಪು ಕಟ್ಟಿ ನಡೆಸುವ ಕಾರ್ಯಕ್ರಮದಿಂದ ನಿಜವಾಗಿ ತೂಕ ಇಳಿಯುತ್ತದೆಯೇ? ಆರು ತಿಂಗಳ ಕೊನೆಯಲ್ಲಿ ಎಷ್ಟು ಕೆ.ಜಿ. ಎಂದು ಕೇಳಿಯೇ ಕೇಳುತ್ತಾರೆ.

ಸಮುದಾಯ ವೈದ್ಯೆ

ಕೆ.ಜಿ.ಯನ್ನೇ ಗುರಿ ಮಾಡಿಕೊಳ್ಳಬೇಡಿ ಎಂಬುದೇ ನನ್ನ ಉತ್ತರ. ಚೆನ್ನೈನ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂನ ಫಲಿತಾಂಶ 2006ರಲ್ಲಿ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರಲ್ಲಿ ಊಟ, ನಡಿಗೆ ಸರಿಪಡಿಸಿಕೊಂಡವರಿಗೆ ಕಾಯಿಲೆ ಬರುವ ಸಾಧ್ಯತೆ ಶೇ 28ರಷ್ಟು ಕಡಿಮೆಯಾಯಿತು. ಗಮನಿಸಬೇಕಾದದ್ದು ಏನೆಂದರೆ, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಂದರೆ ಮೆಷಿನ್ ಮೇಲೆ ಏನೂ ಕಾಣದಿದ್ದರೂ ಒಳಗೆ ಲಾಭ ಆಗುತ್ತಿರುತ್ತದೆ. ನಿಮ್ಮ ಹೆಂಗಸರು ಎರಡು ತಿಂಗಳು ಕಷ್ಟಪಟ್ಟು, ಅರ್ಧ ಕೆ.ಜಿ. ಇಳಿದು, ‘ನಮ್ಮ ಮೈಯೇ ಇಷ್ಟು’ ಎಂದು ಬಿಟ್ಟುಹೋಗುವುದು ಇಂಥ ಕಡೆಯೇ.

ಇನ್ನೊಂದು ಕೇರಳದ್ದು. ಅಲ್ಲಿ 60 ಮತಗಟ್ಟೆ ಪ್ರದೇಶಗಳ ಸಾವಿರದಷ್ಟು ಜನರನ್ನು ತೆಗೆದುಕೊಂಡರು. ಅರ್ಧದಷ್ಟು ಕಡೆ ಊರಿನವರನ್ನೇ ಮುಂದಾಳುಗಳನ್ನಾಗಿ ತರಬೇತಿ ಕೊಟ್ಟು ಒಂದು ವರ್ಷ ಗುಂಪು ನಡೆಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಸಾಧಾರಣ: ಎರಡು ವರ್ಷದ ಕೊನೆಗೆ ಗುಂಪಿನಲ್ಲಿದ್ದವರಲ್ಲಿ ಶೇ 14.9, ಇಲ್ಲದವರಲ್ಲಿ ಶೇ 17.1 ಮಂದಿಗೆ ಸಕ್ಕರೆ ಕಾಯಿಲೆ. ಅಂಕಿಅಂಶದ ಕಣ್ಣಿನಲ್ಲಿ ಅದು ದೊಡ್ಡ ಅಂತರವಲ್ಲ. ಆದರೆ ಕುಡಿಯುವವರಲ್ಲಿ ಮದ್ಯ ಕಡಿಮೆಯಾಯಿತು. ಗುಂಪು ಕಟ್ಟುವುದಕ್ಕೆ ವೈದ್ಯರು ಬೇಕಾಗಿಲ್ಲ, ಪಕ್ಕದ ಬೀದಿಯವರು ಸಾಕು ಎಂಬುದು ಅದರಿಂದ ನಾನು ಕಲಿತದ್ದು. ಆರು ತಿಂಗಳಲ್ಲಿ ಪವಾಡ ಮಾಡುತ್ತೇವೆ ಎಂದು ದಾನಿಗೆ ಬರೆದುಕೊಡಬೇಡಿ ಎಂಬುದನ್ನೂ.

ಬೆಳ್ಳಂದೂರು ಇಂಜಿನಿಯರ್

ಎಲ್ಲರೂ ಆ್ಯಪ್ ಮೇಲೆ ಏಕೆ ಬಿದ್ದಿದ್ದೀರಿ? ಇವತ್ತು ಯಾರ ಬಳಿ ಸ್ಮಾರ್ಟ್‌ಫೋನ್ ಇಲ್ಲ? ಕನ್ನಡದಲ್ಲಿ ಧ್ವನಿ ಸಂದೇಶ ಕಳಿಸಿದರೆ ಓದು ಬಾರದವರಿಗೂ ಮುಟ್ಟುತ್ತದೆ. ಹೇಗೂ ಇನ್ನು ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಅಗ್ಗವಾಗುತ್ತವೆ, ಈ ಗುಂಪು, ಮುದ್ದೆ ಚರ್ಚೆಯೇ ಬೇಕಾಗುವುದಿಲ್ಲ.

ಹಳೆ ಟೈಲರ್

ಫೋನ್ ಇದೆ ಸರ್. ಸಂಜೆ ಮಗನ ಕೈಯಲ್ಲಿ, ರಾತ್ರಿ ಗಂಡನ ಕೈಯಲ್ಲಿ. ಕೆಲಸದ ಹೊತ್ತಿನಲ್ಲಿ ಲಾಕರ್‌ನಲ್ಲಿ. ‘ನಿಮ್ಮ ಸೊಂಟದ ಅಳತೆ ನಮೂದಿಸಿ’ ಎಂಬ ಸಂದೇಶ ಗಂಡನ ಕಣ್ಣಿಗೆ ಬಿದ್ದರೆ ಮನೆಯಲ್ಲಿ ಏನಾಗುತ್ತದೆ ಎಂದು ನಿಮ್ಮ ಆ್ಯಪ್‌ಗೆ ಗೊತ್ತೇ?

ಸಮುದಾಯ ವೈದ್ಯೆ

ಇಂಜಿನಿಯರ್ ಅವರೇ, ಮೌಂಜಾರೊ ಎಂಬ ಅಂಥ ಚುಚ್ಚುಮದ್ದು 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಅತಿ ಕಡಿಮೆ ಪ್ರಮಾಣದ ಒಂದು ಸೀಸೆಗೆ 3,500 ರೂಪಾಯಿ, ವಾರಕ್ಕೊಂದು. ತಿಂಗಳಿಗೆ 14,000 ಎಂದರೆ ಒಬ್ಬ ಟೈಲರ್‌ನ ಸಂಬಳವನ್ನೇ ಸಿರಿಂಜಿಗೆ ತುಂಬಿಸಿದಂತೆ. ಬೇರೆ ಕಂಪನಿಗಳು ತಯಾರಿಸಿ ಬೆಲೆ ಇಳಿದರೂ ಚುಚ್ಚುಮದ್ದು ಹಸಿವನ್ನು ತಗ್ಗಿಸುತ್ತದೆ, ತಟ್ಟೆಗೆ ಬೇಳೆ ಹಾಕುವುದಿಲ್ಲ. ಕಡಿಮೆ ತಿನ್ನುವವರು ಪ್ರೊಟೀನು ಇಲ್ಲದ್ದನ್ನೇ ತಿಂದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ.

ಸಂಘದ ಲೆಕ್ಕ ಬರೆಯುವವಳು

ಗುಂಪು ಹೊಸದಾಗಿ ಏಕೆ ಕಟ್ಟಬೇಕು? ಪ್ರತಿ ಬೀದಿಯಲ್ಲೂ ವಾರದ ಕಂತು ಕಟ್ಟುವ ಸಂಘ ಇದೆ. ಹೆಂಗಸರು ಹೇಗೂ ಸೇರುತ್ತಾರೆ, ಅಲ್ಲೇ ಹದಿನೈದು ನಿಮಿಷ ಆರೋಗ್ಯದ ಮಾತು ಆಡಿದರೆ ಆಯಿತು.

ಆಶಾ ಅಕ್ಕ

ಸ್ವಸಹಾಯ ಸಂಘವಾದರೆ ಒಪ್ಪುತ್ತೇನೆ. ಖಾಸಗಿ ಫೈನಾನ್ಸ್‌ನ ಕಂತಿನ ಸಭೆಯಲ್ಲಿ ಮಾತ್ರ ಬೇಡವೇ ಬೇಡ. ಕಂತು ಹೊಂದಿಸಲು ಆಗದವರು ಆ ದಿನ ಬೀಗ ಹಾಕಿಕೊಂಡು ತವರಿಗೆ ಹೋಗಿರುತ್ತಾರೆ. ಯಾರಿಗೆ ಹೆಚ್ಚು ಕಷ್ಟವೋ ಅವರೇ ನಿಮ್ಮ ಕೈಗೆ ಸಿಗುವುದಿಲ್ಲ. ವಸೂಲಿಯವರ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ನೆನಪಿದೆಯಲ್ಲ. ವಸೂಲಿಯವರ ಕುರ್ಚಿಯ ಪಕ್ಕ ತೂಕದ ಮೆಷಿನ್ ಇಟ್ಟರೆ ಎರಡು ನಾಚಿಕೆ ಒಂದೇ ಕಡೆ.

ಕಾರ್ಮಿಕ ವಕೀಲ

ನೀವೆಲ್ಲ ಹೆಂಗಸರ ತಟ್ಟೆಯನ್ನೇ ನೋಡುತ್ತಿದ್ದೀರಿ, ಕಾರ್ಖಾನೆಯನ್ನು ಬಿಟ್ಟುಬಿಟ್ಟಿರಿ. ಎಂಟು ಗಂಟೆ ಕೂರಿಸುವವರು, ನೀರು ಕುಡಿಯದಂತೆ ಮಾಡುವವರು, ಊಟಕ್ಕೆ ಅರ್ಧ ಗಂಟೆ ಕೊಡುವವರು ಅವರು. ತಿಂಗಳು ತಿಂಗಳೂ ಸಂಬಳದಲ್ಲಿ ಶೇ 0.75, ಮಾಲೀಕರಿಂದ ಶೇ 3.25 ಕಾರ್ಮಿಕರ ಆರೋಗ್ಯ ವಿಮೆಯಾದ ಇ.ಎಸ್.ಐ.ಗೆ ಹೋಗುತ್ತದೆ. ಆದರೆ ಡಿಸ್ಪೆನ್ಸರಿಗೆ ಹೋಗಬೇಕಾದರೆ ಅರ್ಧ ದಿನದ ಸಂಬಳ ಕಳೆದುಕೊಳ್ಳಬೇಕು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಮಾತಿದೆ. ಅದನ್ನು ಹಿಡಿದುಕೊಂಡು ಆಡಳಿತದವರ ಬಾಗಿಲು ತಟ್ಟಿ. ನೀರು ಕುಡಿಯಲು, ಶೌಚಾಲಯಕ್ಕೆ ಏಳಲು ಅಡ್ಡಿ ಮಾಡಬಾರದು ಎಂಬುದೇ ನಿಮ್ಮ ಮೊದಲ ಬೇಡಿಕೆಯಾಗಲಿ. ಅದಕ್ಕೆ ಒಂದು ಪೈಸೆ ದಾನವೂ ಬೇಡ.

ಹಳೆ ಟೈಲರ್

ವಕೀಲರು ಹೇಳಿದ್ದು ಸರಿಯೇ. ಒಂದು ಎಚ್ಚರಿಕೆ ಇರಲಿ. ತಪಾಸಣೆಯ ಕಾಗದ ಮ್ಯಾನೇಜರ್ ಕೈಗೆ ಹೋಗಬಾರದು. ಸಕ್ಕರೆ ಇದೆ, ಬಿ.ಪಿ. ಇದೆ ಎಂದು ಗೊತ್ತಾದವರನ್ನೇ ಆರ್ಡರ್ ಕಡಿಮೆಯಾದಾಗ ಮೊದಲು ಮನೆಗೆ ಕಳಿಸುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಮಿಕ್ಸಿ ಬಹುಮಾನವೂ ಬೇಡ. ನಮ್ಮವರು ಮಿಕ್ಸಿಗಾಗಿ ಕೊನೆಯ ವಾರ ಉಪವಾಸ ಕೂರುತ್ತಾರೆ, ಮೆಷಿನ್ ಮುಂದೆ ತಲೆ ತಿರುಗಿ ಬೀಳುತ್ತಾರೆ. ಕಣ್ಣಾರೆ ಕಂಡಂತೆ ಹೇಳಬಲ್ಲೆ.

ಸುಂಕದಕಟ್ಟೆ ಕಾರ್ಯಕರ್ತೆ

ಎಲ್ಲರ ಮಾತನ್ನೂ ಇಟ್ಟುಕೊಂಡು ಹೊಸದಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಈಗಲೇ ಬೈಯಿರಿ.

ಆ್ಯಪ್ ಹಣದಲ್ಲಿ ಎರಡು ಅಂಕಣದ ಊಟದ ಡಬ್ಬಿ ಕೊಡಿಸುವ ಯೋಚನೆ ಇದೆ. ಚೆಲ್ಲದ ಮುಚ್ಚಳ ಇರಬೇಕು. ದೊಡ್ಡ ಅಂಕಣಕ್ಕೆ ಕಾಳು ಅಥವಾ ಸೊಪ್ಪಿನ ಪಲ್ಯ, ಸಣ್ಣದಕ್ಕೆ ಅನ್ನ. ಬೆಳಿಗ್ಗೆ ಪಲ್ಯಕ್ಕೆ ಹೊತ್ತಿಲ್ಲ ಎಂಬುದು ನಿಜ. ಅದಕ್ಕೆ ಒಂದು ಬೀದಿಗೆ ಒಬ್ಬರು ರಾತ್ರಿ ಹುರುಳಿ, ಹೆಸರು, ಕಡಲೆ ನೆನೆಸಿ, ಬೆಳಿಗ್ಗೆ ದೊಡ್ಡ ಕುಕ್ಕರ್‌ನಲ್ಲಿ ಬೇಯಿಸಿ ಐದೂವರೆಗೆ ಹಂಚುವುದು, ಒಗ್ಗರಣೆ ಅವರವರ ಮನೆಯದು. ಬೇಯಿಸುವವರಿಗೆ ಕೂಲಿ, ಕಾಳಿನ ಅರ್ಧ ಖರ್ಚು ನಮ್ಮದು. ಮಕ್ಕಳ ಡಬ್ಬಿಗೂ ಅದೇ ಕಾಳು ಹೋಗುತ್ತದೆ, ಹಾಗಾಗಿ ದಪ್ಪ ತಾಯಿಗೂ ಕಡ್ಡಿ ಮಗುವಿಗೂ ಒಂದೇ ಪಾತ್ರೆ ಸಾಕು.

ಸಭೆ ಹದಿನೈದು ದಿನಕ್ಕೊಮ್ಮೆ, ಭಾನುವಾರ ಸಂಜೆ, ಬಟ್ಟೆ ಒಣಗಿದ ಮೇಲೆ. ಅಳತೆ ಪರದೆಯ ಹಿಂದೆ, ಟೇಪು ಅವರ ಕೈಯಲ್ಲಿ. ನೋಡುವುದು ಸೊಂಟ, ಬಿ.ಪಿ., ಸಕ್ಕರೆ, ಮೆಟ್ಟಿಲು ಹತ್ತುವಾಗ ಮಂಡಿಯ ಸ್ಥಿತಿ. ತೂಕ ಕೇಳಿದವರಿಗೆ ಮಾತ್ರ. ದಾಖಲೆ ಕಾರ್ಖಾನೆಗೆ ಹೋಗುವುದಿಲ್ಲ. ಗಂಡಂದಿರಿಗೆ ಬೇರೆ ಸಭೆ, ಆಟೊ ನಿಲ್ದಾಣದಲ್ಲಿ. ಶಿವು ಅವರು ಒಪ್ಪಿದರೆ ಅವರೇ ಮುಂದಾಳು.

ಲೋಡಿಂಗ್ ಶಿವು

ಒಪ್ಪಿದೆ. ಆದರೆ ಕ್ವಾರ್ಟರ್ ಬಿಡಿ ಎಂದು ನನ್ನ ಬಾಯಲ್ಲಿ ಹೇಳಿಸಬೇಡಿ, ನಗುತ್ತಾರೆ. ಟೀ ಸಕ್ಕರೆಯಿಂದ ಶುರು ಮಾಡುತ್ತೇನೆ.

ಸಮುದಾಯ ವೈದ್ಯೆ

ಅದೇ ಒಳ್ಳೆಯ ಶುರು. ದಿನಕ್ಕೆ ಐದು ಟೀ, ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 200 ಕ್ಯಾಲರಿ, ಅರ್ಧ ಕಡಿಮೆ ಮಾಡಿದರೂ ನೂರು ಉಳಿಯಿತು. ಹೆಂಗಸರ ಸಭೆಯಲ್ಲಿ ಎಣ್ಣೆಯ ಲೆಕ್ಕವನ್ನೂ ಪ್ಯಾಕೆಟ್‌ನಲ್ಲೇ ಹೇಳಿ, ಗ್ರಾಂ ಯಾರಿಗೂ ಬೇಡ: ತಲೆಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್. ಮಾತ್ರೆ ಮೇಲಿರುವ ಸಕ್ಕರೆ ಕಾಯಿಲೆಯವರು ಒಮ್ಮೆಲೇ ಅನ್ನ ಇಳಿಸಿದರೆ ಸಕ್ಕರೆ ಕುಸಿಯಬಹುದು. ಅವರನ್ನು ಮೊದಲು ನಮ್ಮ ಕ್ಲಿನಿಕ್‌ಗೆ ಕಳಿಸಿ ಮಾತ್ರೆ ಸರಿಪಡಿಸಿಕೊಂಡ ಮೇಲೆಯೇ ಸೇರಿಸಿಕೊಳ್ಳಿ. ಗರ್ಭಿಣಿಯರನ್ನೂ ಎದೆಹಾಲು ಕುಡಿಸುವವರನ್ನೂ ತೂಕ ಇಳಿಸುವ ಮಾತಿಗೆ ತರಲೇಬೇಡಿ, ಕಾಳು ಮಾತ್ರ ಕೊಡಿ.

ಕಲಬುರಗಿ ಹುಡುಗ

ವಾರಕ್ಕೊಂದು ದಿನ ಜೋಳದ ರೊಟ್ಟಿಯನ್ನೂ ಹೀಗೇ ಒಂದು ಕಡೆ ಮಾಡಿಸಬಹುದು. ಸುಂಕದಕಟ್ಟೆಯಲ್ಲಿ ನಮ್ಮ ಕಡೆಯ ಹೆಂಗಸರು ರೊಟ್ಟಿ ಮಾರುತ್ತಾರೆ, ಅವರಿಗೂ ವ್ಯಾಪಾರ.

ಹಳೆ ಟೈಲರ್

ಕಾಳು ಬೇಯಿಸುವ ಕೆಲಸಕ್ಕೆ ನಮ್ಮ ಬೀದಿಯಲ್ಲಿ ನಾನು ಬರುತ್ತೇನೆ. ಬೆಳಗಿನ ಜಾವ ಸಿಲಿಂಡರ್ ಮುಗಿದರೆ ಏನು ಮಾಡುವುದು ಎಂದು ಮಾತ್ರ ಯೋಚಿಸಿ, ಒಂದು ಹೆಚ್ಚುವರಿ ಇಟ್ಟುಕೊಡಿ. ಹುರುಳಿ ಕಾಳಿಗೆ ನಾಲ್ಕು ಸೀಟಿಯಾದರೂ ಬೇಕು.